ಪಲ್ಪರ್ ನೀರು ಬ್ಯಾಕ್ಟೀರಿಯಾಕ್ಕೆ, ಕಾಫಿ ಸಿಪ್ಪೆ ಶಿಲೀಂಧ್ರಕ್ಕೆ: ತೋಟದಲ್ಲೇ ಮಾಡಿಕೊಳ್ಳುವ ಕ್ರಮ

ಕಾಫಿ ಕೊಯ್ಲು ಶುರುವಾದರೆ ಸಾಕು, ಮೂಡಿಗೆರೆ, ಸಕಲೇಶಪುರ, ಬಾಳೆಹೊನ್ನೂರು ಕಡೆಯ ಓದುಗರಿಂದ ಒಂದೇ ಪ್ರಶ್ನೆ. ‘ಪಲ್ಪರ್ ನೀರು ವಾಸನೆ ಹೊಡೀತಿದೆ, ಕಪ್ಪಾಗ್ತಿದೆ. ಯಾವ ಬ್ಯಾಕ್ಟೀರಿಯಾ ಪುಡಿ ಹಾಕಲಿ?’ (ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ.) ಎರಡನೇ ಪ್ರಶ್ನೆ ಸಿಪ್ಪೆ ರಾಶಿಯದು: ‘ಟ್ರೈಕೋಡರ್ಮಾ ಹಾಕಿದೆ, ಏನೂ ಆಗಲಿಲ್ಲ, ಯಾಕೆ?’ (ಟ್ರೈಕೋಡರ್ಮಾ ಅಂದರೆ ಗೊಬ್ಬರ ಕೊಳೆಸಲು ಹಾಕುವ ಶಿಲೀಂಧ್ರ.)

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಪುಡಿ ಯಾವುದು ಅನ್ನುವುದಕ್ಕಿಂತ, ಅದು ಬದುಕುವ ಜಾಗ ಹೇಗಿದೆ ಅನ್ನುವುದು ಮುಖ್ಯ. ಹುಳಿ ನೀರಿಗೆ ಎಷ್ಟು ದುಬಾರಿ ಪುಡಿ ಸುರಿದರೂ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಯಾವ ಕಂಪನಿಯ ಪೊಟ್ಟಣದ ಹೆಸರೂ ಇಲ್ಲ. ಸ್ವಂತ ಪಲ್ಪರ್ ಇರುವ, ದಿನಕ್ಕೆ ಸುಮಾರು 1 ಟನ್ ಹಣ್ಣು ಬಿಡಿಸುವ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಮ್ಮದು ದೊಡ್ಡದಿದ್ದರೆ ಲೆಕ್ಕ ಗುಣಿಸಿಕೊಳ್ಳಿ.

ಮೊದಲು, ಈ ನೀರಿನಲ್ಲಿ ಏನಿದೆ?

ಹಣ್ಣಿನ ತೂಕದಲ್ಲಿ ಹೆಚ್ಚುಕಮ್ಮಿ 100ಕ್ಕೆ 40 ಭಾಗ ಸಿಪ್ಪೆಯೇ. ಅದರ ಒಳಗೆ ಬೀಜಕ್ಕೆ ಅಂಟಿಕೊಂಡ ಲೋಳೆ. ಲೋಳೆಯಲ್ಲಿ ಸಕ್ಕರೆ ಮತ್ತು ಪೆಕ್ಟಿನ್ ಇದೆ. ಪೆಕ್ಟಿನ್ ಅಂದರೆ ಹಣ್ಣಿನ ಅಂಟು, ಜಾಮ್ ಗಟ್ಟಿಯಾಗುವುದು ಇದರಿಂದಲೇ. ಇವೆರಡೂ ನೀರಿಗೆ ಇಳಿದು, ಹುದುಗಿ, ಹುಳಿಯಾಗುತ್ತವೆ.

ಇನ್ನು ಎರಡು ಪದ ತಿಳಿದಿರಲಿ. ಪಿಎಚ್ ಅಂದರೆ ಹುಳಿ ಮತ್ತು ಕ್ಷಾರದ ಅಳತೆ. 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಪಲ್ಪರ್ ನೀರು ಹುದುಗಿದ ಮೇಲೆ 4ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬಿಒಡಿ ಅಂದರೆ ಆ ನೀರಿನ ಕೊಳೆ ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಊರಿನ ಚರಂಡಿ ನೀರಿನ ಬಿಒಡಿ ಲೀಟರಿಗೆ ಸಾಮಾನ್ಯವಾಗಿ 200ರಿಂದ 300 ಮಿಲಿಗ್ರಾಂ. ಪಲ್ಪರ್ ನೀರಿನದು ಸಾವಿರಗಳ ಲೆಕ್ಕ. ನೀರು ದಟ್ಟವಾಗಿದ್ದರೆ 10,000 ದಾಟುವುದೂ ಉಂಟು.

ಇದು ಹಳ್ಳಕ್ಕೆ ಸೇರಿದರೆ ಅಲ್ಲಿರುವ ಆಮ್ಲಜನಕವೆಲ್ಲ ಖಾಲಿಯಾಗುತ್ತದೆ, ಮೀನು ಸಾಯುತ್ತದೆ. ನಮ್ಮಲ್ಲಿ ಕೊಯ್ಲು ಬರುವುದು ಮಳೆ ನಿಂತ ಮೇಲೆ, ಹಳ್ಳಗಳು ಸೊರಗುವ ಹೊತ್ತಿಗೆ. ಜಾವಳಿ ಹತ್ತಿರ ಹುಟ್ಟುವ ಹೇಮಾವತಿ ಇರಲಿ, ಬಾಬಾಬುಡನ್ ಬೆಟ್ಟದಿಂದ ಇಳಿದು ಬೇಲೂರಿನ ಕಡೆ ಹೋಗುವ ಯಗಚಿ ಇರಲಿ, ಬೇಸಿಗೆ ಹತ್ತಿರವಾದಂತೆ ಅವುಗಳಲ್ಲಿ ಕೊಳೆ ತೊಳೆಯುವಷ್ಟು ನೀರು ಇರುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಸಂಸ್ಕರಿಸದ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ ಹೀಗಿದೆ: ನದಿ, ಹಳ್ಳಕ್ಕೆ ಬಿಡುವ ನೀರಿನ ಬಿಒಡಿ 30ರ ಒಳಗೆ, ಜಮೀನಿಗೆ ಹಾಯಿಸುವುದಾದರೆ 100ರ ಒಳಗೆ. 30ಕ್ಕೆ ಇಳಿಸುವುದು ತೋಟದ ಮಟ್ಟದಲ್ಲಿ ತುಂಬಾ ಕಷ್ಟ. ಹಳ್ಳದ ಆಸೆ ಬಿಟ್ಟು ಜಮೀನಿಗೆ ಬಳಸುವ ಯೋಚನೆಯನ್ನೇ ಮಾಡಿ. ನಿಮ್ಮ ಘಟಕಕ್ಕೆ ಯಾವ ಅನುಮತಿ, ಯಾವ ಮಿತಿ ಅನ್ನುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಏನೇನು ಬೇಕು?

ಪಿಎಚ್ ಕಾಗದ (ಔಷಧಿ, ಪ್ರಯೋಗಾಲಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ), ಅರಳಿದ ಸುಣ್ಣ, ಒಂದು ಜಾಲರಿ, ಸುಣ್ಣ ಬೆರೆಸಲು ಚಿಕ್ಕ ತೊಟ್ಟಿ, ನೀರು ನಿಲ್ಲಿಸಲು ಎರಡು ಹೊಂಡ, ಸಗಣಿ ಬಗ್ಗಡ. ಸಿಪ್ಪೆಗೆ ದರಗು (ಒಣ ಎಲೆ), ಸಗಣಿ, ಟ್ರೈಕೋಡರ್ಮಾ. ಇಷ್ಟೇ.

1. ನೀರು ಕಡಿಮೆ ಮಾಡಿ

ಬೇಜಾರು ಹಿಡಿಸುವ ಹಂತ ಇದು. ಆದರೆ ದುಡ್ಡು ಉಳಿಯುವುದು ಇಲ್ಲೇ. ಲೆಕ್ಕ ನೋಡಿ. 1 ಕೆಜಿ ಹಣ್ಣಿಗೆ 3 ಲೀಟರ್ ನೀರು ಬಳಸಿದರೆ ದಿನಕ್ಕೆ 3,000 ಲೀಟರ್. ಮೊದಲ ಹೊಂಡದಲ್ಲಿ ಆ ನೀರು 21 ದಿನ ನಿಲ್ಲಬೇಕು ಅಂದರೆ 63,000 ಲೀಟರ್ ಹಿಡಿಸಬೇಕು. ಅಂದರೆ 7 ಮೀಟರ್ ಉದ್ದ, 4.5 ಮೀಟರ್ ಅಗಲ, 2 ಮೀಟರ್ ಆಳ. ನೀರನ್ನು ಒಂದೂವರೆ ಲೀಟರಿಗೆ ಇಳಿಸಿದರೆ ಹೊಂಡ ಅರ್ಧ ಸಾಕು ಅನ್ನಿಸುತ್ತದೆ ಅಲ್ವಾ? ಪೂರ್ತಿ ಅರ್ಧ ಮಾಡಬೇಡಿ. ನೀರು ಇಳಿದರೂ ಕೊಳೆ ಅಷ್ಟೇ ಇರುತ್ತದೆ, ದಟ್ಟವಾಗುತ್ತದೆ ಅಷ್ಟೆ. ಮೂರನೇ ಒಂದು ಭಾಗ ಕಡಿಮೆ ಮಾಡಿದರೆ ಸರಿಹೋಗುತ್ತದೆ.

ನೀರು ಇಳಿಸುವ ದಾರಿ ಎರಡು. ಪಲ್ಪರಿನಿಂದ ಬಂದ ನೀರನ್ನು ಜಾಲರಿಯಲ್ಲಿ ಸೋಸಿ ಅದೇ ದಿನ ಮತ್ತೆ ಪಲ್ಪರಿಗೇ ತಿರುಗಿಸಿ. ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು ಕೊಡಿ. ಎರಡನೆಯದು, ಸಿಪ್ಪೆಯನ್ನು ನೀರಿನಲ್ಲಿ ತೇಲಿಸಿಕೊಂಡು ಹೋಗುವ ಪದ್ಧತಿ ಬಿಡಿ. ಸಿಪ್ಪೆ ನೀರಿನಲ್ಲಿ ನೆಂದಷ್ಟೂ ಅದರ ಸಕ್ಕರೆ, ಬಣ್ಣ ಎಲ್ಲ ನೀರಿಗೆ ಇಳಿಯುತ್ತದೆ. ಸಿಪ್ಪೆಯನ್ನು ಒಣಗಾಗಿಯೇ, ಗಾಡಿಯಲ್ಲೋ ಬೆಲ್ಟಿನಲ್ಲೋ ಬೇರೆ ಕಡೆಗೆ ಸಾಗಿಸಿ.

ಎಚ್ಚರ: ತಿರುಗಿಸಿದ ನೀರನ್ನು ರಾತ್ರಿ ಇಟ್ಟು ಮಾರನೇ ದಿನ ಬಳಸಬೇಡಿ. ಹುಳಿ ವಾಸನೆ ಬೀಜಕ್ಕೆ ಹತ್ತಿದರೆ ಪಾರ್ಚ್‌ಮೆಂಟಿನ (ತೊಳೆದು ಒಣಗಿಸಿದ ಬೀಜದ) ಗುಣಮಟ್ಟ ಹೋಗುತ್ತದೆ.

2. ಸೋಸಿ, ಕೆನೆ ತೆಗೆಯಿರಿ

ಉಳಿದ ನೀರನ್ನು ಜಾಲರಿ ದಾಟಿಸಿ ಚಿಕ್ಕ ತೊಟ್ಟಿಗೆ ಬಿಡಿ. ಒಂದು ದಿನ ನಿಂತರೆ ಹುಳಿಯೇರಿ ಲೋಳೆ ಮೇಲೆ ದಪ್ಪ ಪದರವಾಗಿ ತೇಲುತ್ತದೆ. ಅದನ್ನು ಎತ್ತಿ ಸಿಪ್ಪೆ ರಾಶಿಗೆ ಹಾಕಿ. ಇದೊಂದೇ ಹಂತದಲ್ಲಿ ಹುಳಿ ನಮಗೆ ಸಹಾಯ ಮಾಡುವುದು. ಸುಣ್ಣವನ್ನು ಇದಕ್ಕಿಂತ ಮುಂಚೆ ಹಾಕಿದರೆ ಈ ಲಾಭ ಹೋಯಿತು.

3. ಹುಳಿ ಮುರಿಯಿರಿ

‘ಎಷ್ಟು ಸುಣ್ಣ?’ ಅಂತ ಕೇಳಿದರೆ ನಾನು ಸಂಖ್ಯೆ ಹೇಳುವುದಿಲ್ಲ. ದಿನದಿಂದ ದಿನಕ್ಕೆ ಅದು ಬದಲಾಗುತ್ತದೆ. ಬಕೆಟ್ ಪರೀಕ್ಷೆ ಮಾಡಿ.

10 ಲೀಟರ್ ಪಲ್ಪರ್ ನೀರು ತೆಗೆದುಕೊಳ್ಳಿ. ಅರಳಿದ ಸುಣ್ಣವನ್ನು ನೀರಿನಲ್ಲಿ ಕಲಸಿಟ್ಟುಕೊಳ್ಳಿ. 5 ಗ್ರಾಂ ಸುಣ್ಣ ಹಿಡಿಯುವಷ್ಟು ಹಾಕಿ, ಚೆನ್ನಾಗಿ ಕದಡಿ, 5 ನಿಮಿಷ ಬಿಟ್ಟು ಕಾಗದ ಅದ್ದಿ ನೋಡಿ. 7ರ ಹತ್ತಿರ ಬರುವ ತನಕ ಹೀಗೇ ಮುಂದುವರಿಸಿ. ಒಟ್ಟು 20 ಗ್ರಾಂ ಹಿಡಿಯಿತು ಅನ್ನಿ. ಆಗ ಲೀಟರಿಗೆ 2 ಗ್ರಾಂ, 1,000 ಲೀಟರಿಗೆ 2 ಕೆಜಿ. ವಾರಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಿ. ಅರೇಬಿಕಾ ಮುಗಿದು ರೊಬಸ್ಟಾ ಶುರುವಾದಾಗ ಖಂಡಿತ ಮಾಡಿ.

ತೋಟಕ್ಕೆ ಎರಚುವ ಕೃಷಿ ಸುಣ್ಣ ಇಲ್ಲಿ ನಿಧಾನ. ಅದು ಸುಣ್ಣಕಲ್ಲಿನ ಪುಡಿ, ಬೇಗ ಕರಗುವುದಿಲ್ಲ. ಅರಳಿದ ಸುಣ್ಣವೇ ಬೇಕು. ಸುಟ್ಟ ಸುಣ್ಣದ ಗಡ್ಡೆ ತಂದಿದ್ದರೆ ಬೇರೆ ಡ್ರಮ್ಮಿನಲ್ಲಿ ಅರಳಿಸಿಕೊಂಡು ಆಮೇಲೆ ಬಳಸಿ. ಅರಳುವಾಗ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೆಲಸದವರಿಗೆ ಕನ್ನಡಕ, ಕೈಗವಸು ಕೊಡಿಸಿ.

ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡು 9, 10ಕ್ಕೆ ಏರಿಸುವವರಿದ್ದಾರೆ. ಅಲ್ಲಿಯೂ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಇನ್ನೊಂದು ವಿಷಯ, ಹುಳಿ ಮುರಿಯುತ್ತಿದ್ದಂತೆ ನೀರು ಕಡು ಹಸಿರು, ಆಮೇಲೆ ಕಪ್ಪಾಗುತ್ತದೆ. ಗಾಬರಿ ಬೇಡ. ಸಿಪ್ಪೆಯ ಬಣ್ಣ ಮತ್ತು ಒಗರು ಅಂಶ ಹಾಗೆ ಮಾಡುವುದು. ಕಪ್ಪು ಅಂದ ಮಾತ್ರಕ್ಕೆ ನೀರು ಕೆಟ್ಟಿದೆ ಅಂತಲ್ಲ.

4. ಗಾಳಿಯಿಲ್ಲದ, ಮುಚ್ಚಿದ ಹೊಂಡ

ಅಸಲಿ ಕೆಲಸ ನಡೆಯುವುದು ಇಲ್ಲಿ. ಇಲ್ಲಿ ಎರಡು ಗುಂಪಿನ ಸೂಕ್ಷ್ಮಜೀವಿಗಳು ಇರುತ್ತವೆ. ಒಂದು ಗುಂಪು ಸಕ್ಕರೆ, ಪೆಕ್ಟಿನ್ ಒಡೆದು ಹುಳಿ ಮಾಡುತ್ತದೆ. ಇದು ಚುರುಕು, ಗಟ್ಟಿಮುಟ್ಟು. ಎರಡನೆಯದು ಆ ಹುಳಿಯನ್ನು ತಿಂದು ಮೀಥೇನ್ ಅನಿಲ ಮಾಡುತ್ತದೆ. ಇದು ನಿಧಾನ, ತುಂಬಾ ನಾಜೂಕು. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದು ಇವೇ ಮಾಡಿದ ಅನಿಲ. ಮೊದಲ ಗುಂಪು ಮುಂದೆ ಓಡಿ ಎರಡನೆಯದು ಹಿಂದೆ ಉಳಿದರೆ ಹೊಂಡ ಹುಳಿಯಾಗಿ ನಿಂತುಬಿಡುತ್ತದೆ. ‘ಬ್ಯಾಕ್ಟೀರಿಯಾ ಕೆಲಸ ಮಾಡಲಿಲ್ಲ’ ಅನ್ನುವ ದೂರುಗಳಲ್ಲಿ ಹೆಚ್ಚಿನವು ಇದೇ.

ಹೊಂಡವನ್ನು ಬಾವಿ, ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ತೋಡಿ. ತಳಕ್ಕೆ ಜೇಡಿಮಣ್ಣು ಬಡಿದು ಮೇಲೆ ಸಿಲ್ಪಾಲಿನ್‌ನಂಥ ಗಟ್ಟಿ ಹಾಳೆ ಹಾಸಿ. ಸೋರಿದರೆ ಬಾವಿ ನೀರು ಕಂದಾಗುತ್ತದೆ, ಆಮೇಲೆ ಸರಿಪಡಿಸಲು ವರ್ಷಗಳು ಬೇಕು.

ಕೊಯ್ಲಿಗೆ 3–4 ವಾರ ಮುಂಚೆ ಸಗಣಿ ಬಗ್ಗಡ ತುಂಬಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೊಂಡದ ಹತ್ತರಲ್ಲಿ ಒಂದು ಭಾಗ ಇದ್ದರೆ ಒಳ್ಳೆಯದು. ಹೊಸ ಸಗಣಿಗೆ ಅಷ್ಟೇ ನೀರು ಬೆರೆಸಿ ಹಾಕಬಹುದು. ಆದರೆ ನಡೆಯುತ್ತಿರುವ ಗೋಬರ್ ಗ್ಯಾಸ್ ಘಟಕದಿಂದ ಹೊರಬಂದ ಬಗ್ಗಡ ಸಿಕ್ಕರೆ ಅದೇ ಮೇಲು, ಮೀಥೇನ್ ಮಾಡುವ ಗುಂಪು ಅದರಲ್ಲಿ ಆಗಲೇ ಬೆಳೆದಿರುತ್ತದೆ. ಪಲ್ಪರ್ ನೀರಿನಲ್ಲಿ ಸಾರಜನಕ, ರಂಜಕ ಕಡಿಮೆ. ಆ ಕೊರತೆಯನ್ನೂ ಸಗಣಿ ತುಂಬುತ್ತದೆ. ನನ್ನನ್ನು ಕೇಳಿದರೆ, ಇದಿರುವಾಗ ಪೊಟ್ಟಣದ ಪುಡಿ ಸುಮ್ನೆ ದುಡ್ಡು ದಂಡ.

ಮೊದಲ ವಾರ ದಿನದ ನೀರಿನ ಕಾಲು ಭಾಗವನ್ನಷ್ಟೇ ಬಿಡಿ. ಉಳಿದದ್ದನ್ನು ಪಕ್ಕದ ಹೊಂಡದಲ್ಲಿ ತಡೆದಿಟ್ಟುಕೊಳ್ಳಿ. ಎರಡನೇ ವಾರ ಅರ್ಧ, ಆಮೇಲೆ ಪೂರ್ತಿ. ಎಲ್ಲವನ್ನೂ ಮೊದಲ ದಿನವೇ ಸುರಿದರೆ ಹುಳಿ ಗುಂಪಿಗೆ ಹಬ್ಬ.

ಪ್ರತಿದಿನ ಹೊಂಡದ ಪಿಎಚ್ ನೋಡಿ. 6.8ರಿಂದ 7.5ರ ಒಳಗಿರಬೇಕು. ಗುಳ್ಳೆ ಏಳುತ್ತಿದ್ದರೆ ಶುಭ ಸೂಚನೆ. 6.5ಕ್ಕಿಂತ ಇಳಿದರೆ ಹೊಸ ನೀರು ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪಸ್ವಲ್ಪವಾಗಿ ಕೊಡಿ, ಇನ್ನೊಂದಿಷ್ಟು ಬಗ್ಗಡ ಹಾಕಿ ಕಾಯಿರಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೆಲಸ ನಿಧಾನವಾಗುತ್ತದೆ. 21 ದಿನ ಅನ್ನುವುದು ಕನಿಷ್ಠ ಅಂತ ಇಟ್ಟುಕೊಳ್ಳಿ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಔಷಧಿ ಹೊಡೆದ ಪಂಪು ತೊಳೆದ ನೀರು, ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಡ್ರಮ್ಮಿನ ತಳ ಇವು ಯಾವುದೂ ಈ ಹೊಂಡಕ್ಕೆ ಬರಕೂಡದು.

ಪ್ರಾಣಕ್ಕೆ ಸಂಬಂಧಿಸಿದ ಮಾತು: ಮುಚ್ಚಿದ ಹೊಂಡದಲ್ಲಿ ಮೀಥೇನ್ ಜೊತೆಗೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ಆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ಕುಸಿಯುತ್ತಾನೆ. ಯಾರನ್ನೂ ಒಳಗೆ ಇಳಿಸಬೇಡಿ. ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಬಿದ್ದವರನ್ನು ಎತ್ತಲು ಹೋದ ಎರಡನೆಯವರೂ ಸಾಯುತ್ತಾರೆ. ಹತ್ತಿರ ಬೀಡಿ, ಬೆಂಕಿ ಬೇಡ. ಸುತ್ತ ಬೇಲಿ ಹಾಕಿ, ದನಕರು, ಮಕ್ಕಳು ಬರುವ ಜಾಗ ತಾನೇ.

5. ಗಾಳಿಯಾಡುವ ಹೊಂಡ

ಮೊದಲ ಹೊಂಡ ದಾಟಿದ ನೀರಿನಲ್ಲಿ ಕೊಳೆ ಬಹಳಷ್ಟು ಇಳಿದಿರುತ್ತದೆ, ಆದರೆ ಆಮ್ಲಜನಕ ಇರುವುದಿಲ್ಲ. ಅದನ್ನು ಅಗಲವಾದ, ಆಳವಿಲ್ಲದ ಹೊಂಡಕ್ಕೆ ಬಿಡಿ. ಮೆಟ್ಟಿಲು ಕಟ್ಟಿ ಅದರ ಮೇಲಿಂದ ಹರಿಸಿದರೆ ಖರ್ಚಿಲ್ಲದೆ ಗಾಳಿ ಬೆರೆಯುತ್ತದೆ. ಚಿಕ್ಕ ಪಂಪಿನಿಂದ ಅದೇ ನೀರನ್ನು ಮತ್ತೆ ಮೇಲೆ ಚಿಮ್ಮಿಸಬಹುದು. ಒಂದು ವಾರ ಇಲ್ಲಿರಲಿ.

ಕಪ್ಪು ಬಣ್ಣ ಇಲ್ಲಿಯೂ ಪೂರ್ತಿ ಹೋಗುವುದಿಲ್ಲ. ‘ಶಿಲೀಂಧ್ರ ಹಾಕಿದರೆ ಬಣ್ಣ ಹೋಗುತ್ತದಂತೆ’ ಅಂತ ಕೇಳುವವರಿದ್ದಾರೆ. ಮರ ಕೊಳೆಸುವ ಬಿಳಿ ಶಿಲೀಂಧ್ರಗಳಿಗೆ ಆ ಶಕ್ತಿ ಇರುವುದು ನಿಜ. ಪ್ರಯೋಗಾಲಯದ ಬಾಟಲಿಯಲ್ಲಿ ಅವು ಅದನ್ನು ಮಾಡಿ ತೋರಿಸುತ್ತವೆ. ಆದರೆ ತೆರೆದ ಹೊಂಡದಲ್ಲಿ ಬ್ಯಾಕ್ಟೀರಿಯಾ ಅವುಗಳಿಗಿಂತ ಬಹಳ ಬೇಗ ಬೆಳೆದು ಜಾಗ ಹಿಡಿಯುತ್ತವೆ. ಈ ಶಿಲೀಂಧ್ರಕ್ಕೆ ಸ್ವಲ್ಪ ಹುಳಿ ಇಷ್ಟ, ನಾವೋ ಹುಳಿ ಮುರಿದಿದ್ದೇವೆ. ಶಿಲೀಂಧ್ರದ ಜಾಗ ಸಿಪ್ಪೆ ರಾಶಿ, ನೀರಲ್ಲ.

ಸಂಸ್ಕರಿಸಿದ ನೀರಿನ ಮಾದರಿಯನ್ನು ಸೀಸನ್ನಿನಲ್ಲಿ ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕೊಟ್ಟು ಬಿಒಡಿ ಪರೀಕ್ಷಿಸಿ. ಆಮೇಲೆ ಗೊಬ್ಬರದ ರಾಶಿ ನೆನೆಸಲು ಬಳಸಿ, ಇಲ್ಲವೇ ಜಾಗ ಬದಲಿಸುತ್ತಾ ಜಮೀನಿಗೆ ಹಾಯಿಸಿ. ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಕಾಫಿ ಬೇರು ಉಸಿರು ಕಟ್ಟುತ್ತದೆ.

6. ಸಿಪ್ಪೆ ರಾಶಿ

ಹಸಿ ಸಿಪ್ಪೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ. ಅದರಲ್ಲಿ ಕೆಫೀನ್ ಇದೆ, ಒಗರು ಇದೆ, ಎಳೆ ಬೇರಿಗೆ ಆಗುವುದಿಲ್ಲ. ಸಾಲದ್ದಕ್ಕೆ ನೊಣ.

ಬಿಡಿಸಿದ ಸಿಪ್ಪೆಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ಒಂದೆರಡು ದಿನ ಹರವಿ ನೀರು ಬಸಿಯಲು ಬಿಡಿ. ಬಸಿದ ನೀರು ಮೇಲೆ ಹೇಳಿದ ಚಿಕ್ಕ ತೊಟ್ಟಿಗೆ ಹೋಗಲಿ. ಆಮೇಲೆ ತಳಕ್ಕೆ ಕಡ್ಡಿ, ದರಗು ಹಾಸಿ, ಒಂದಡಿ ಸಿಪ್ಪೆ, ಅದರ ಮೇಲೆ ತೆಳುವಾಗಿ ಸಗಣಿ, ಮತ್ತೆ ದರಗು, ಹೀಗೆ ಎದೆಮಟ್ಟಕ್ಕೆ ಏರಿಸಿ. 1 ಟನ್ ಸಿಪ್ಪೆಗೆ 100–200 ಕೆಜಿ ಸಗಣಿ ಸಾಕು. ಸಿಲ್ವರ್ ಓಕ್ ಎಲೆ ಒಂದನ್ನೇ ಹಾಕಬೇಡಿ, ಅದು ಕೊಳೆಯಲು ತುಂಬಾ ಹಿಡಿಯುತ್ತದೆ. ಸಗಣಿ ಮೇಲೆ ಸುಣ್ಣ ಎರಚುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಹೊಡೆಯುವುದು ನಿಮ್ಮ ಗೊಬ್ಬರದ ಶಕ್ತಿಯೇ.

ಎರಡು ಮೂರು ದಿನದಲ್ಲಿ ರಾಶಿ ಬಿಸಿಯಾಗಿ 60 ಡಿಗ್ರಿ ತನಕ ಹೋಗುತ್ತದೆ. ಹೋಗಲಿ, ಕಳೆ ಬೀಜ ಸಾಯುತ್ತದೆ. 10–15 ದಿನಕ್ಕೊಮ್ಮೆ ಮಗುಚಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ.

ಈಗ ಟ್ರೈಕೋಡರ್ಮಾ ಪ್ರಶ್ನೆ. ಇದು 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುವ ಶಿಲೀಂಧ್ರ. ರಾಶಿ ಕಟ್ಟುವ ದಿನವೇ ಹಾಕಿದರೆ ಬಿಸಿಗೆ ಬೇಯುತ್ತದೆ. ಎರಡು ಮೂರು ಸಲ ಮಗುಚಿ, ಕೈ ಒಳಗೆ ಇಟ್ಟರೆ ಸುಡದೆ ಬೆಚ್ಚಗಿದೆ ಅನ್ನಿಸಿದ ಮೇಲೆ ಹಾಕಿ. ಅದಕ್ಕೂ ಎರಡು ವಾರ ಮುಂಚೆ 1 ಕೆಜಿ ಟ್ರೈಕೋಡರ್ಮಾವನ್ನು 100 ಕೆಜಿ ಕಳಿತ ಸಗಣಿ ಗೊಬ್ಬರಕ್ಕೆ ಬೆರೆಸಿ, ತೇವ ಮಾಡಿ, ನೆರಳಿನಲ್ಲಿ ಗೋಣಿ ಮುಚ್ಚಿಡಿ. ಬಿಳಿ, ಹಸಿರು ಬೂಸ್ಟು ಹಬ್ಬಿದರೆ ಜೀವ ಇದೆ ಅಂತ ಅರ್ಥ. ಇದು 1 ಟನ್ ರಾಶಿಗೆ ಸಾಕು. ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣ ಅಂತ ಚೀಟಿಯಲ್ಲಿ ಇರಬೇಕು. ಔಷಧಿ ಕೋಣೆಯಲ್ಲಿ ಇಡಬೇಡಿ. ಬೋರ್ಡೋಗೆ ಮೈಲುತುತ್ತ ಬಳಸುವುದೇ ಶಿಲೀಂಧ್ರ ಕೊಲ್ಲಲು, ಅದು ಈ ಶಿಲೀಂಧ್ರ ಆ ಶಿಲೀಂಧ್ರ ಅಂತ ಭೇದ ಮಾಡುವುದಿಲ್ಲ.

3–4 ತಿಂಗಳಿಗೆ ಗೊಬ್ಬರ ಕಪ್ಪಾಗಿ, ಮಣ್ಣಿನ ವಾಸನೆ ಬರುತ್ತದೆ. ಅನುಮಾನವಿದ್ದರೆ ಒಂದು ಕುಂಡದಲ್ಲಿ ಹಾಕಿ ಹೆಸರುಕಾಳು ಬಿತ್ತಿ ನೋಡಿ. ಸರಿಯಾಗಿ ಮೊಳೆಯದಿದ್ದರೆ ಇನ್ನೂ ಒಂದು ತಿಂಗಳು ಬಿಡಿ.

7. ಚಿಪ್ಪಣಬೆ, ಬೇಕಿದ್ದರೆ ಮಾತ್ರ

ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ (ಚೆರಿ) ಹೊಟ್ಟಿನಲ್ಲಿ ಲಿಗ್ನಿನ್ ಜಾಸ್ತಿ. ಲಿಗ್ನಿನ್ ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅಂಶ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಅದು ಜಗ್ಗುವುದಿಲ್ಲ, ಚಿಪ್ಪಣಬೆಗೆ ಜಗ್ಗುತ್ತದೆ. ಹೊಟ್ಟಿಗೆ ಅರ್ಧದಷ್ಟು ಭತ್ತದ ಹುಲ್ಲು ಬೆರೆಸಿ ರಾತ್ರಿ ನೆನೆಸಿ. 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಬಸಿಯಿರಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು. 10 ಕೆಜಿ ಒದ್ದೆ ಹೊಟ್ಟಿಗೆ 200–300 ಗ್ರಾಂ ಅಣಬೆ ಬೀಜ ಬೆರೆಸಿ ಚೀಲ ತುಂಬಿ, ತೂತು ಮಾಡಿ, ಕತ್ತಲ ಕೋಣೆಯಲ್ಲಿ 15–20 ದಿನ ಇಡಿ. ಬೆಳ್ಳಗಾದ ಮೇಲೆ ಬೆಳಕು, ಗಾಳಿ, ತೇವ ಕೊಟ್ಟರೆ ಅಣಬೆ ಏಳುತ್ತದೆ. ಬೀಜ ತರಲು ಮೂಡಿಗೆರೆ ಅಥವಾ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಇಲ್ಲಿ ಒಂದು ತಮಾಷೆ ಇದೆ. ರಾಶಿಯಲ್ಲಿ ನಮ್ಮ ಗೆಳೆಯನಾದ ಟ್ರೈಕೋಡರ್ಮಾ ಅಣಬೆ ಕೋಣೆಯಲ್ಲಿ ಶತ್ರು. ಚೀಲದಲ್ಲಿ ಹಸಿರು ಬೂಸ್ಟು ಕಂಡರೆ ಅದೇ. ಆ ಚೀಲವನ್ನು ತಕ್ಷಣ ಹೊರಗೆ ಹಾಕಿ. ರಾಶಿ ಮಗುಚಿದ ಬಟ್ಟೆ, ಕೈಯಲ್ಲಿ ಅಣಬೆ ಕೋಣೆಗೆ ಹೋಗಬೇಡಿ. ಕೊಯ್ಯುವಾಗ ಮುಖಗವಸು ಹಾಕಿ, ಅಣಬೆಯ ಬೀಜಕಣ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ. ಗೊಬ್ಬರದ ರಾಶಿ ಮೇಲೆ ತಾನಾಗಿ ಏಳುವ ನಾಯಿಕೊಡೆಗಳನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಗೆ ತರಬೇಡಿ.

ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಯುವ ಓದುಗರಿಗೂ ಇದೇ ಚಿಪ್ಪಣಬೆ ಆಗುತ್ತದೆ. ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 112ಕ್ಕೆ 1, ಹಾಗಾಗಿ ಅದು ವರ್ಷಗಟ್ಟಲೆ ಕೊಳೆಯದೆ ಬಿದ್ದಿರುತ್ತದೆ. 1 ಟನ್ ಪುಡಿಯನ್ನು 100 ಕೆಜಿಯ 10 ಪದರ ಮಾಡಿ. ಒಂದು ಪದರಕ್ಕೆ ಒಂದು ಬಾಟಲಿ ಚಿಪ್ಪಣಬೆ ಬೀಜ, ಮುಂದಿನದಕ್ಕೆ 1 ಕೆಜಿ ಯೂರಿಯಾ, ಹೀಗೆ ಸರದಿಯಲ್ಲಿ ಹಾಕಿ. ಒಟ್ಟು 5 ಬಾಟಲಿ, 5 ಕೆಜಿ ಯೂರಿಯಾ. ತೇವ ಆರದಂತೆ ನೋಡಿಕೊಂಡರೆ ಒಂದು ತಿಂಗಳ ಮೇಲೆ ಪುಡಿ ಕಪ್ಪಾಗುತ್ತದೆ.

8. ಮಳೆಗೆ ಮುಂಚೆ

ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಹೊಂಡದ ಹೂಳು ತೆಗೆಸಿ. ಮೊದಲ ಹೊಂಡದ ಮುಚ್ಚಳ ತೆಗೆದು ಕೆಲವು ದಿನ ಗಾಳಿಗೆ ಬಿಟ್ಟು, ಪಂಪಿನಿಂದ ಹೊರಗಿನಿಂದಲೇ ಎಳೆಸಿ, ಆಳು ಇಳಿಸಬೇಡಿ. ಹೂಳು ಗೊಬ್ಬರದ ರಾಶಿಗೆ ಹೋಗಲಿ. ಮೊದಲ ಹೊಂಡದ ತಳದಲ್ಲಿ ಒಂದಡಿ ಬಿಡಿ, ಮುಂದಿನ ಕೊಯ್ಲಿಗೆ ಅದೇ ಬೀಜ. ಮಳೆನೀರು ನುಗ್ಗದ ಹಾಗೆ ಸುತ್ತ ಕಾಲುವೆ ಕಡಿದು ಮೇಲೆ ಮುಚ್ಚಿ. ತುಂಬಿ ಹರಿದರೆ ಎಲ್ಲ ಹಳ್ಳಕ್ಕೇ ಹೋಗುತ್ತದೆ. ಹೊಸದಾಗಿ ಹೊಂಡ ಕಟ್ಟುವವರು ಏಪ್ರಿಲ್, ಮೇ ತಿಂಗಳಲ್ಲೇ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೋ, ಹತ್ತಿರದ ಕಾಫಿ ಮಂಡಳಿ ಕಚೇರಿಗೋ ಹೋಗಿ ನಕ್ಷೆ ತೋರಿಸಿ ಮಾತಾಡಿ. ನವೆಂಬರ್‌ನಲ್ಲಿ ಹೋದರೆ ಅವರಿಗೂ ಪುರುಸೊತ್ತಿರುವುದಿಲ್ಲ, ನಿಮಗೂ ಇರುವುದಿಲ್ಲ.